ಪಾಲಕ್ ಸೊಪ್ಪಿನವನು

“ನಾನ್ ತಂದ ಸೊಪ್ಪನ್ನ ನನ್ ಕಣ್ಣೆದುರ್ಗೇ ಸೋಲುಸ್ಬುಟ್ರಲ್ಲ ಮೇಡಂ!”

ಹನೂರಿನ ಸಮುದಾಯ ಭವನದ ಬಾಗಿಲ ಕಡೆಯಿಂದ ಬಂದ ದನಿಗೆ, ಪೌಷ್ಟಿಕ ಆಹಾರ ಶಿಬಿರಕ್ಕೆ ಬಂದಿದ್ದ ಹೆಂಗಸರೆಲ್ಲ ತಿರುಗಿ ನೋಡಿದರು. ಮೈಕ್ ಹಿಡಿದಿದ್ದ ನರ್ಸ್ ಮಾಲಿನಿಯೂ ತಲೆಯೆತ್ತಿದಳು. ಮಡಿಚಿದ ಪ್ಯಾಂಟು, ಕೈಯಲ್ಲಿ ಖಾಲಿ ಕ್ರೇಟು, ನಲವತ್ತು ದಾಟಿದ ಮುಖ. ಅಡುಗೆ ಪ್ರದರ್ಶನಕ್ಕೆಂದು ಬೆಳಿಗ್ಗೆ ಪಾಲಕ್ ತಂದುಕೊಟ್ಟಿದ್ದ ಬಂಡಳ್ಳಿಯ ಷಡಕ್ಷರಿ.

“ಸೋಲಿಸಿದ್ದು ನಾನಲ್ಲ, ನುಗ್ಗೆ ಸೊಪ್ಪು,” ಎಂದಳು ಮಾಲಿನಿ. “ಅಷ್ಟೇ ತೂಕದ ಪಾಲಕ್‌ಗಿಂತ ನುಗ್ಗೆ ಸೊಪ್ಪಲ್ಲಿ ಕ್ಯಾಲ್ಸಿಯಂ ಮೂರು ಪಟ್ಟಿಗೂ ಜಾಸ್ತಿ. ಪ್ರೋಟೀನ್ ಜಾಸ್ತಿ, ಕಬ್ಬಿಣನೂ ಜಾಸ್ತಿ. ಎಲ್ಲರ ಹಿತ್ತಲಲ್ಲೂ ಇದೆ, ಪುಕ್ಕಟೆ.”

“ಹಿತ್ತಲ ಗಿಡ ಮದ್ದಲ್ಲ ಅಂತಾರಲ್ಲ?”

“ಹಾಗಂದೋರು ಪಾಲಕ್ ಮಾರೋರೇ ಇರಬೇಕು.”

ಹೆಂಗಸರು ಗೊಳ್ಳೆಂದರು. ಅವನೂ ನಕ್ಕ. ಆ ನಗು ಮೊದಲು ಕಣ್ಣಿಗೆ ಬಂದು, ಅಲ್ಲಿ ಒಂದು ಗಳಿಗೆ ನಿಂತು, ಅಪ್ಪಣೆ ಕೇಳಿಕೊಂಡಂತೆ ತುಟಿಗಿಳಿಯಿತು. ಅದನ್ನು ಇಷ್ಟು ವಿವರವಾಗಿ ತಾನೇಕೆ ನೋಡಿದೆ ಎಂದು ಮಾಲಿನಿಗೆ ಆಮೇಲೆ ಸಿಟ್ಟು ಬಂತು.

ಶಿಬಿರ ಮುಗಿದು ಭವನ ಖಾಲಿಯಾದಾಗ ಅವನು ಕ್ರೇಟು ಹಿಡಿದು ಇನ್ನೂ ಅಲ್ಲೇ ನಿಂತಿದ್ದ.

“ಒಂದ್ ಮಾತ್ ಕೇಳ್ಲಾ ಮೇಡಂ? ಎಲ್ರುಗೂ ನುಗ್ಗೆ ತಿನ್ನಿ ಅಂದ್ರಿ. ನಿಮ್ ತಟ್ಟೆಗ್ ಮಾತ್ರ ನನ್ ಪಾಲಕ್ ಪಲ್ಯನೇ ಆಕಂಡ್ರಿ.”

“ನನಗೆ ನುಗ್ಗೆ ಆಗಲ್ಲ.”

“ಆಗಲ್ವಾ? ಆಗ್ಬಾರದಾ?”

ಸೌಟು ತೊಳೆಯುತ್ತಿದ್ದ ಅವಳ ಕೈ ನಿಂತಿತು. ಅವನು ಉತ್ತರಕ್ಕೆ ಕಾಯಲಿಲ್ಲ. “ತಪ್ಪಾಯ್ತು, ಬತ್ತೀನಿ,” ಎಂದು ಹೊರಟುಹೋದ.

*

ಆಗಬಾರದು ಎಂಬುದೇ ನಿಜ.

ಗಂಡ ತೀರಿಕೊಂಡ ವರ್ಷದಿಂದ ಮಾಲಿನಿ ನುಗ್ಗೆ ತಿಂದಿರಲಿಲ್ಲ. ಅವಳ ಅತ್ತೆ ಮಹಾಲಕ್ಷ್ಮಮ್ಮನ ಮನೆಯಲ್ಲಿ ಅದೊಂದು ನಡಾವಳಿ. ನುಗ್ಗೆ ಉಷ್ಣ, ಗಂಡನಿಲ್ಲದ ಮೈಗೆ ಬೇಡ. ಹಿತ್ತಲಲ್ಲಿ ದೊಡ್ಡ ಮರವೇ ಇತ್ತು. ಕಾಯಿ ಪಕ್ಕದ ಮನೆಗೆ, ಸೊಪ್ಪು ಹಸುವಿಗೆ. ಮಹಾಲಕ್ಷ್ಮಮ್ಮನೂ ಎಳೆಯ ವಯಸ್ಸಿಗೇ ಗಂಡನನ್ನು ಕಳೆದುಕೊಂಡವಳು, ಅವಳೂ ತಿನ್ನುತ್ತಿರಲಿಲ್ಲ. ಸೊಸೆಯನ್ನು ಬಯ್ದವಳಲ್ಲ, ನರ್ಸ್ ಕೆಲಸ ಬಿಡು ಎಂದವಳಲ್ಲ. ಆ ಒಂದು ಮಾತನ್ನು ಮಾತ್ರ, ಬಾಗಿಲು ಮುಂದಕ್ಕೆ ಮಾಡಿದಷ್ಟು ಮೆತ್ತಗೆ, ಮೊದಲ ವರ್ಷವೇ ಹೇಳಿಬಿಟ್ಟಿದ್ದಳು.

ಮೆತ್ತಗೆ ಹೇಳಿದ್ದನ್ನು ಮೀರುವುದು ಕಷ್ಟ. ಗದರಿದ್ದರೆ ಮಾಲಿನಿ ಯಾವತ್ತೋ ಮೀರಿರುತ್ತಿದ್ದಳು.

ಮುಂದಿನ ಗುರುವಾರ ಆರೋಗ್ಯ ಕೇಂದ್ರದ ಕಟ್ಟೆಯ ಮೇಲೆ ಒಂದು ಕಟ್ಟು ಪಾಲಕ್ ಇತ್ತು. ಬೇರಿನ ಮಣ್ಣು ತೊಳೆದು ಬಾಳೆನಾರಿನಲ್ಲಿ ಕಟ್ಟಿದ್ದು. ಪಕ್ಕದಲ್ಲಿ ಷಡಕ್ಷರಿ.

“ಏನಿದು?”

“ಮೇಲ್ಮನವಿ. ಫೋನಲ್ಲಿ ಓದ್ಕಂಡ್ ಬಂದೀವ್ನಿ. ಫೋಲಿಕ್ ಆಸಿಡ್ಡು ನುಗ್ಗೆಗಿಂತ ಪಾಲಕ್ಕಲ್ಲೇ ಜಾಸ್ತಿ. ಬಸ್ರೀರ್ಗೆ ಮೊದ್ಲು ಬೇಕಾದ್ದೇ ಅದಂತೆ. ಅವತ್ತು ಅದ್ನ ಯಾಕ್ ಯೋಳ್ಲಿಲ್ಲ?”

ಅವಳು ಸಿಕ್ಕಿಬಿದ್ದಿದ್ದಳು. “ನಿಜ. ಹೇಳಬೇಕಿತ್ತು.”

“ಅಂಗಾದ್ರೆ ಗೆದ್ದೆ?”

“ಇಲ್ಲ. ನಿಮ್ಮ ಪಾಲಕ್ಕಲ್ಲಿ ಆಕ್ಸಾಲಿಕ್ ಆಸಿಡ್ ಇದೆ. ಇರೋ ಸ್ವಲ್ಪ ಕ್ಯಾಲ್ಸಿಯಮ್ಮನ್ನೂ ಅದು ಮೈಗೆ ಸೇರೋಕೆ ಬಿಡಲ್ಲ.”

“ಬುಡಾಕಿಲ್ಲ ಅನ್ನೋರು ಎಲ್ಲಾ ಕಡೆನೂ ಇರ್ತಾರೆ ಬುಡಿ ಮೇಡಂ,” ಎಂದು ಅವಳನ್ನೇ ನೋಡಿದ. ಅವಳು ಬಿ.ಪಿ. ಯಂತ್ರದ ಪಟ್ಟಿ ಸುತ್ತಿಡುವುದರಲ್ಲಿ ಮಗ್ನಳಾದಳು. ಪಟ್ಟಿ ಆಗಲೇ ಸುತ್ತಿಟ್ಟಾಗಿತ್ತು.

ಆಮೇಲೆ ಗುರುವಾರಗಳು ಬೇರೆಯಾದವು. ಕೊಳ್ಳೇಗಾಲದ ಮಾರ್ಕೆಟ್ಟಿಗೆ ಸೊಪ್ಪು ಹಾಕಿ ಬರುವ ದಾರಿಯಲ್ಲಿ ಅವನು ಬೈಕ್ ನಿಲ್ಲಿಸುತ್ತಿದ್ದ. ಒಂದು ಕಟ್ಟು, ಒಂದು ಜಗಳ. ನಿಂಬೆಹುಳಿ ಹಿಂಡಿದರೆ ಪಾಲಕ್ಕಿನ ಕಬ್ಬಿಣ ಚೆನ್ನಾಗಿ ಹಿಡಿಯುತ್ತದೆ ಎಂದು ಅವನೆಂದರೆ, ನುಗ್ಗೆಯಲ್ಲಿ ಆ ಸಿ ವಿಟಮಿನ್ ತಾನಾಗಿಯೇ ಇದೆ ಎಂದು ಅವಳು. ಬೇಯಿಸಿದರೆ ಓಯ್ತದಲ್ಲ ಎಂದು ಅವನು. ಯಳಂದೂರಿನ ತವರಿನಲ್ಲಿ ಅವ್ವ ಅವರೆಕಾಳು ಹಾಕಿ ಮಾಡುತ್ತಿದ್ದ ನುಗ್ಗೆ ಸೊಪ್ಪಿನ ಸಾರಿನ ಮಾತು ಒಂದು ದಿನ ತಾನಾಗಿ ಅವಳ ಬಾಯಿಂದ ಬಂತು. ಹೇಳುತ್ತ ಹೇಳುತ್ತ ಕಣ್ಣು ತುಂಬಿತು. ಸಾರಿಗೆ ಅಳುವವರುಂಟೇ? ಅವನು ನಗಲಿಲ್ಲ. ಒಂದು ಪಾಲಕ್ ಎಲೆಯ ಮೇಲಿನ ನೀರನ್ನು ಬೆರಳಿನಿಂದ ಒರೆಸುತ್ತ, ಅವಳು ಕಣ್ಣೊರೆಸಿಕೊಳ್ಳುವವರೆಗೆ ಬೇರೆಡೆ ನೋಡಿದ. ಹಾಗೆ ಬೇರೆಡೆ ನೋಡಬಲ್ಲ ಗಂಡಸರು ಕಡಿಮೆ.

“ಹನೂರೆಲ್ಲ ನನ್ನನ್ನ ಸಿಸ್ಟರ್ ಅಂತಾರೆ,” ಎಂದಳು ಮಾತು ತಿರುಗಿಸಲು. “ನೀವೊಬ್ಬರೇ ಮೇಡಂ ಅನ್ನೋದು.”

“ಆ ಮಾತು ನನ್ ಬಾಯ್ಗೆ ಬರಾಕಿಲ್ಲ,” ಎಂದವನೇ ಬೈಕ್ ಒದ್ದ. ಅದು ಸ್ಟಾರ್ಟ್ ಆಗಲಿಲ್ಲ. ಕಿವಿ ಕೆಂಪಾಗಿ, ತಳ್ಳಿಕೊಂಡೇ ಹೋದ.

*

ಬಸುರಿಯರ ರಕ್ತ ಪರೀಕ್ಷೆ ಮುಗಿದ ಒಂದು ಮಧ್ಯಾಹ್ನ ಮಾಲಿನಿ ಸುಮ್ಮನೆ ತನ್ನ ಬೆರಳನ್ನೂ ಚುಚ್ಚಿಕೊಂಡಳು. ಒಂಬತ್ತು. ಹಿಮೋಗ್ಲೋಬಿನ್ ಒಂಬತ್ತು ಬಂದ ಹುಡುಗಿಯರನ್ನು ಅವಳು ಎಷ್ಟು ಬಯ್ದಿದ್ದಳು! ಮನೆಯಲ್ಲಿ ತಿನ್ನಲು ಬಿಡುವುದಿಲ್ಲವೇ ಎಂದು ಅತ್ತೆಯರನ್ನು ಕರೆಸಿ ಕೇಳಿದ್ದಳು. ತನ್ನ ಅತ್ತೆಯನ್ನು ಕೇಳುವವರು ಯಾರು? ಮೆಟ್ಟಿಲು ಹತ್ತಿದರೆ ಏದುಸಿರು, ಬಾಚಿದರೆ ಕೂದಲು. ವಯಸ್ಸಾಯಿತು ಎಂದುಕೊಂಡಿದ್ದಳು. ವಯಸ್ಸಲ್ಲ. ವಿಧೇಯತೆ.

ಆ ದಿನ ಮನೆಗೆ ಬಂದರೆ ಪಕ್ಕದ ಮನೆ ಚಿಕ್ಕಬಸಮ್ಮ ಜಗಲಿಯ ಮೇಲೆ ಕೂತಿದ್ದಳು. “ಆ ಮದ್ವೆ ಆಗ್ದಿರೋ ಸೊಪ್ಪಿನೋನು ವಾರ್ ವಾರ ಬತ್ತಾನಂತೆ ಕನಮ್ಮಿ, ಆಸ್ಪತ್ರೆಗೆ. ಏನ್ ಕಾಯ್ಲೆನೋ ಪಾಪ!”

“ವಾಸಿಯಾಗೋ ಕಾಯಿಲೆಯಲ್ಲ ಚಿಕ್ಕಬಸಮ್ಮ,” ಎಂದಳು ಮಾಲಿನಿ.

ಒಳಗೆ ಹೋಗಿ ಬ್ಯಾಗು ಇಟ್ಟಳು. ಹಿತ್ತಲಿಗೆ ನಡೆದು ದೋಟಿ ತೆಗೆದುಕೊಂಡು ನುಗ್ಗೆಮರಕ್ಕೆ ಹಾಕಿದಳು. ಒಂದು ಮಡಿಲು ಸೊಪ್ಪು. ಅದನ್ನು ಅಡುಗೆಮನೆಯ ಮೂಲೆಯಲ್ಲಿ ಬಿಡಿಸಲಿಲ್ಲ. ಬೀದಿಗೆ ಕಾಣುವಂತೆ ಜಗಲಿಯ ಮೇಲೆ ಮೊರ ಇಟ್ಟುಕೊಂಡು, ಚಿಕ್ಕಬಸಮ್ಮನ ಎದುರಿಗೇ ಕೂತು ಎಲೆ ಬಿಡಿಸಿದಳು. ಚಿಕ್ಕಬಸಮ್ಮ ಎದ್ದು ಹೋದಳು, ಬೀದಿಗೆಲ್ಲ ಹೇಳುವುದಿತ್ತಲ್ಲ.

ಅವರೆಕಾಳು ಬೇಯಿಸಿದಳು. ಬೆಳ್ಳುಳ್ಳಿ ಜಜ್ಜಿ ಒಗ್ಗರಣೆ ಹಾಕಿದಾಗ ಮಹಾಲಕ್ಷ್ಮಮ್ಮ ನಡುಮನೆಯಿಂದ ಎದ್ದು ಬಂದಳು. ಅಷ್ಟರಲ್ಲಿ ಸೊಸೆ ನೆಲದ ಮೇಲೆ ತಟ್ಟೆ ಇಟ್ಟುಕೊಂಡು ಮುದ್ದೆ ಮುರಿಯುತ್ತಿದ್ದಳು.

“ಏನಮ್ಮಿ ಇದು?”

“ನುಗ್ಗೆ ಸೊಪ್ಪಿನ ಸಾರು ಅತ್ತೆ.”

“ನಾನು ತಿನ್ನದೇ ಇಷ್ಟ್ ವರ್ಸ ಬದುಕ್ಲಿಲ್ವಾ?”

“ಬದುಕಿದ್ರಿ. ನಿಮಗೆ ಬೇಕು ಅನಿಸ್ಲೇ ಇಲ್ವಾ ಅತ್ತೆ, ಒಂದು ದಿನಾನೂ?”

ಮುದುಕಿ ಒಲೆಯ ಮೇಲಿನ ಪಾತ್ರೆಯತ್ತ ನೋಡಿದಳು. ಕಂಬ ಹಿಡಿದುಕೊಂಡು ನಿಂತಳು. ಮಾಲಿನಿ ತುತ್ತು ಬಾಯಿಗಿಟ್ಟಳು. ಒಗರು, ಬಿಸಿ, ಅವ್ವನ ಮನೆ. ಮೈ ಉಷ್ಣವಾಯಿತೋ ಇಲ್ಲವೋ, ಧೈರ್ಯವಂತೂ ಬಂತು.

“ಉಷ್ಣ ಆದ್ರೆ ಆಗಲಿ. ತಣ್ಣಗಿದ್ದು ಸಾಕಾಯ್ತು. ಆ ಷಡಕ್ಷರಿನ ಮದುವೆ ಆಗ್ತೀನಿ ಅತ್ತೆ. ಕದ್ದು ಹೋಗಲ್ಲ, ಬಸ್ಸಲ್ಲಿ ಹೋಗಿ ಹೇಳಿ ಬರ್ತೀನಿ.”

“ಅವ್ನು ಕೇಳುದ್ನಾ?”

“ಇಲ್ಲ.”

“ಮತ್ತೆ?”

“ಕೇಳಲಿ ಅಂತ ಕಾಯೋದನ್ನೂ ಬಿಟ್ಟೆ.”

*

ಬೆಳಿಗ್ಗೆ ಮಾಲಿನಿ ಮಚ್ಚು ಹಿಡಿದು ಮರದ ಕೆಳಗೆ ನಿಂತಳು. ಒಂದು ಎಳೆ ರೆಂಬೆ ಎಳೆದಳು. ಹಿಂದಿನಿಂದ ಮಹಾಲಕ್ಷ್ಮಮ್ಮನ ದನಿ ಬಂತು. ತಿರುಗಿ ನೋಡಿದರೆ ಅತ್ತೆಯ ಮುಖ ಇನ್ನೂ ಬಿಗಿದೇ ಇತ್ತು.

“ಅದು ಕೊಳೀತದೆ. ತೋಳ್ ದಪ್ಪದ್ದ ಕಡಿ, ಬೇರ್ ಬುಡ್ತದೆ.”

ಅಷ್ಟೇ. ಒಳಗೆ ಹೋಗಿಬಿಟ್ಟಳು.

ಬಂಡಳ್ಳಿ ಬಸ್ಸಿನಲ್ಲಿ ಮಾಲಿನಿ ತೋಳು ದಪ್ಪದ ಕೊಂಬೆಯನ್ನು ಬಂದೂಕಿನಂತೆ ನೆಟ್ಟಗೆ ಹಿಡಿದು ಕೂತಳು. “ಅದುಕ್ಕೂ ಟಿಕೆಟ್ ಆಯ್ತದೆ ಸಿಸ್ಟರ್,” ಎಂದ ಕಂಡಕ್ಟರ್. “ಕೊಡಿ. ಅದಕ್ಕೆ ವಾಪಸ್ ಟಿಕೆಟ್ ಮಾತ್ರ ಬೇಡ,” ಎಂದಳು.

ಷಡಕ್ಷರಿ ಪಾಲಕ್ ಮಡಿಗೆ ನೀರು ಹಾಯಿಸುತ್ತಿದ್ದ. ಅವಳನ್ನು ಕಂಡು ಪೈಪು ಕೈಯಲ್ಲೇ ಮರೆತ, ನೀರೆಲ್ಲ ದಾರಿಗೆ ಹರಿಯಿತು.

“ಮೇಡಂ! ಏನಿದು?”

“ನುಗ್ಗೆ. ನಿನ್ನೆ ತಿಂದೆ. ಆಮೇಲೆ ನಿಮ್ಮನ್ನ ಮದುವೆ ಆಗ್ತೀನಿ ಅಂತ ಮನೇಲಿ ಹೇಳಿದೆ.”

ಅವನು ಪೈಪನ್ನು ನೋಡಿದ, ಕೊಂಬೆಯನ್ನು ನೋಡಿದ, ಕೊನೆಗೆ ಅವಳನ್ನು ನೋಡಿದ. ನಗು ಕಣ್ಣಿಗೆ ಬಂದು ಅಲ್ಲಿ ನಿಂತಿತು.

“ನನ್ನ ಕೇಳ್ನೇ ಇಲ್ವಲ್ಲ?”

“ಈಗ ಕೇಳ್ತಿದೀನಿ. ರಕ್ತ ಒಂಬತ್ತಿದೆ, ವಯಸ್ಸು ಮೂವತ್ತೆಂಟು, ಬಾಯಿ ಜೋರು. ಆಗುತ್ತಾ?”

“ರಕ್ತುಕ್ಕೆ ಎರಡೂ ಸೊಪ್ಪು ಬೇಕು ಕನ್ರೀ,” ಎಂದ. “ಸೊಪ್ಪು ಬೆಳ್ಯೋನ್ಗೆ ಯಾರೂ ಎಣ್ಣು ಕೊಡಾಕಿಲ್ಲ ಅಂತ ಕೂತಿದ್ದೆ. ತಾನಾಗೇ ಬಂದ್ರೆ ಆಗಾಕಿಲ್ಲ ಅಂದೇನಾ?”

ಅವಳ ಕೈಯಿಂದ ಕೊಂಬೆ ತೆಗೆದುಕೊಳ್ಳುವಾಗ ಅವನ ಒದ್ದೆ ಬೆರಳು ಅವಳ ಬೆರಳ ಮೇಲೆ, ಸೂಜಿ ಚುಚ್ಚಿದ ಜಾಗದಲ್ಲಿ, ಬೇಕೆಂದೇ ಸ್ವಲ್ಪ ಹೊತ್ತು ನಿಂತಿತು. ಅವಳೂ ಬೇಕೆಂದೇ ಕೈ ತೆಗೆಯಲಿಲ್ಲ.

“ಬನ್ನಿ, ಹಿತ್ಲಲ್ಲಿ ಜಾಗ ತೋರುಸ್ತೀನಿ.”

ಮಾಲಿನಿ ಕದಲಲಿಲ್ಲ. ಅವನ ಮನೆಯ ತಲೆಬಾಗಿಲಿನ ಎದುರು, ಬೀದಿಗೆ ನೇರ ಕಾಣುವ ಖಾಲಿ ನೆಲವನ್ನು ಕಾಲಿನಿಂದ ತೋರಿಸಿದಳು.

“ಇಲ್ಲಿ.”

“ಮನೆ ಮುಂದ್ಗಡೆ ನುಗ್ಗೆ ಆಗ್ಬಾರದು ಅಂತಾರೆ.”

“ಆಗಲ್ವಾ?” ಎಂದಳು ಮಾಲಿನಿ. “ಆಗ್ಬಾರದಾ?”

ಎದುರು ಮನೆಯ ಜಗಲಿಯಲ್ಲಿ ಆಗಲೇ ಇಬ್ಬರು ಬಂದು ನಿಂತಿದ್ದರು. ಷಡಕ್ಷರಿ ಅವರ ಕಡೆ ಒಮ್ಮೆ ನೋಡಿ, ಹಾರೆ ತರಲು ಒಳಗೆ ಓಡಿದ.