ಇನ್ನೂರು ಬಾತುಕೋಳಿಗಳು

ಅವರು ಇನ್ನೂರು ಬಾತುಕೋಳಿಗಳನ್ನು ಎದೆಗವಚಿಕೊಂಡು ನನ್ನ ತರಗತಿಯ ಬಾಗಿಲಲ್ಲಿ ನಿಂತಿದ್ದರು.

ಎಲ್ಲವೂ ಒಂದೇ ಅಚ್ಚಿನವು. ದಪ್ಪ ಕಪ್ಪು ಗೆರೆಯ ಬಾತುಕೋಳಿ, ಒಳಗೆ ಬಣ್ಣ ತುಂಬಲು ಖಾಲಿ ಜಾಗ. ಪ್ರೆಸ್ಸಿನಲ್ಲಿ ಕರಪತ್ರ, ಕ್ಯಾಲೆಂಡರ್ ಅಚ್ಚು ಹಾಕುವ ಮನುಷ್ಯ ಊಟದ ಬಿಡುವಿನಲ್ಲಿ ಇವನ್ನು ಮಾಡಿದ್ದರು. ಮಕ್ಕಳ ಬೆರಳಿಗೆ ಚುಚ್ಚದಿರಲೆಂದು ಹಾಳೆಯ ನಾಲ್ಕೂ ಮೂಲೆಗಳನ್ನು ದುಂಡಗೆ ಕತ್ತರಿಸಿದ್ದರು. ಅದು ನನ್ನ ಕಣ್ಣಿಗೆ ಬಿದ್ದದ್ದು ಮಾತ್ರ ಆಮೇಲೆ.

"ಮಿಸ್, ಮಕ್ಕಳಿಗೆ," ಎಂದರು. ಮುಖದ ತುಂಬ ನಗು.

ಥ್ಯಾಂಕ್ಸ್ ಹೇಳಿದೆ. ಹೇಳಿ, ಇಡೀ ಕಟ್ಟನ್ನು ಮಗುಚಿ, ಖಾಲಿ ಬೆನ್ನು ಮೇಲೆ ಬರುವಂತೆ ಮಕ್ಕಳ ಮುಂದೆ ಒಂದೊಂದೇ ಹಾಳೆ ಇಟ್ಟೆ.

"ಬಾತುಕೋಳಿ ಆ ಕಡೆ ಇದೆ, ಮಿಸ್."

"ಗೊತ್ತು. ಅಚ್ಚಿನ ಚಿತ್ರ ನಾವಿಲ್ಲಿ ಕೊಡೋದಿಲ್ಲ. ನಿಮ್ಮ ಮನೆ ಮಗುವಿನ ಕೈ ಕಟ್ಟಿಹಾಕಿರೋದೂ ಇಂಥವೇ."

ನಗು ಹಾಗೇ ಬಾಡಿತು. ಹೊರಟುಹೋದರು.

ಅವರ ಅಕ್ಕನ ಮಗಳಿಗೆ ನಾಲ್ಕೂವರೆ ವರ್ಷ. ಅಕ್ಕ, ಭಾವ ಇಬ್ಬರೂ ಇಲ್ಲವಾದ ಮೇಲೆ ಮಾವನೇ ಅವಳಿಗೆ ಎಲ್ಲ. ಮೊದಲಿದ್ದ ಶಾಲೆಯಲ್ಲಿ ಬಣ್ಣ ಗೆರೆ ದಾಟಿದರೆ ಕೆಂಪು ಇಂಕಿನಲ್ಲಿ ತಪ್ಪು ಗುರುತು ಹಾಕುತ್ತಿದ್ದರಂತೆ. ನಮ್ಮಲ್ಲಿಗೆ ಬಂದು ಐದು ತಿಂಗಳಾಗಿದ್ದರೂ ಅವಳು ಖಾಲಿ ಹಾಳೆಯ ಮೇಲೆ ಒಂದು ಚುಕ್ಕೆ ಇಟ್ಟಿರಲಿಲ್ಲ. "ನಂಗೆ ಬರಲ್ಲ. ನೀವೇ ಬರ್ಕೊಡಿ," ಎನ್ನುತ್ತಿದ್ದಳು. ನಾನು ಬರೆದುಕೊಡುತ್ತಿರಲಿಲ್ಲ. ದೊಡ್ಡವರು ಚೆಂದದ ನಾಯಿ ಬರೆದುಕೊಟ್ಟರೆ ಮಗು ತನ್ನ ನಾಯಿಗೆ ತಾನೇ ನಾಚಿಕೊಳ್ಳುತ್ತದೆ. ಗೀಚಿ ಗೀಚಿ ಕೈಗೆ ಬಲ ಬರಬೇಕು, ಗೀಚಿದ್ದರಿಂದ ಕಥೆ ಹುಟ್ಟಬೇಕು, ಕಥೆಯಿಂದ ಮಾತು. ಇದು ನಾನು ಓದಿದ್ದು, ಹದಿನಾಲ್ಕು ವರ್ಷ ಕಣ್ಣಾರೆ ಕಂಡದ್ದು. ಇವಳ ಮುಂದೆ ಮಾತ್ರ ನನ್ನ ಓದು ಸೋತಿತ್ತು.

ಮರುದಿನದಿಂದ ಮಗುವನ್ನು ಬಿಡಲು ಪಕ್ಕದ ಮನೆಯ ಅಜ್ಜಿ ಬಂದರು.

ಮೊದಲ ದಿನ, ಕೆಲಸವಿರಬೇಕು ಎಂದುಕೊಂಡೆ. ಮೂರನೆಯ ದಿನ, ನಾನು ಗೇಟಿನ ಕಡೆಗೇ ಮುಖ ಮಾಡಿ ನಿಲ್ಲುತ್ತಿದ್ದೇನೆಂಬುದು ನನಗೇ ಗೊತ್ತಾಯಿತು. ಐದು ತಿಂಗಳು, ದಿನಕ್ಕೆ ಎರಡು ನಿಮಿಷ. ಇಂಕಿನ ಕಲೆಯ ಬೆರಳು. ಮಗುವಿನ ಶೂ ಲೇಸ್ ಕಟ್ಟಲು ಬಗ್ಗಿದಾಗ ಕಾಣುವ ನೆತ್ತಿಯ ಸುಳಿ. ಎದ್ದಾಗ ನನ್ನ ಕಡೆಗೊಂದು ನೋಟ, ಸಿಕ್ಕಿಬಿದ್ದ ಕೂಡಲೇ ಗೋಡೆಯ ಗಡಿಯಾರಕ್ಕೆ ಓಡಿಹೋಗುವ ನೋಟ. ಇದ್ದದ್ದು ಇಷ್ಟೇ. ಇಷ್ಟು ಹೋದರೆ ಬೆಳಗೇ ಬರಿದಾಗುತ್ತದೆಂದು ಯಾರಿಗೆ ಗೊತ್ತಿತ್ತು?

ಒಳಗೊಂದು ಅಳುಕೂ ಇತ್ತು. ಆಗ ನನಗೆ ಮೂವತ್ತಾರು. ಕೇಳಿಕೊಂಡು ಬಂದಿದ್ದ ಎರಡು ಸಂಬಂಧಗಳಲ್ಲೂ ತಾಯಿಯಿಲ್ಲದ ಮಕ್ಕಳಿದ್ದರು. "ಹೇಗೂ ನಿಮಗೆ ಮಕ್ಕಳನ್ನ ನೋಡ್ಕೊಂಡು ಅಭ್ಯಾಸ ಇದೆಯಲ್ಲ," ಎಂದಿದ್ದರು, ಕೆಲಸಕ್ಕೆ ಜನ ಹುಡುಕುವವರ ಹಾಗೆ. ಇವರ ನೋಟವೂ ಅಂಥದ್ದೇ ಆಗಿದ್ದರೆ?

ಆದರೂ ಶುಕ್ರವಾರ ಪ್ರೆಸ್ಸಿಗೇ ಹೋದೆ. ಮೆಷಿನ್ ಧಡಧಡ ಓಡುತ್ತಿತ್ತು.

"ತಪ್ಪಾಯ್ತು!" ಎಂದು ಕೂಗಿದೆ.

ಅವರು ಕಿವಿಗೆ ಕೈ ಇಟ್ಟುಕೊಂಡು ಹತ್ತಿರ ಬಂದರು.

"ನಿಮ್ಮೆದುರಿಗೇ ಹಾಳೆ ಮಗುಚಬಾರದಿತ್ತು! ಮೂಲೆ ದುಂಡಗೆ ಮಾಡಿದ್ದು ಆಮೇಲೆ ನೋಡಿದೆ! ನೀವು ಬರದೇ ಇದ್ರೆ..."

ಅವರು ಸ್ವಿಚ್ ಆರಿಸಿದರು.

"...ನನಗೆ ಬೇಜಾರಾಗುತ್ತೆ!" ಎಂಬುದು ಆ ಮೌನದಲ್ಲಿ ಇಡೀ ಪ್ರೆಸ್ಸಿಗೆ ಕೇಳಿಸಿತು.

ಬೈಂಡಿಂಗ್ ಮಾಡುತ್ತಿದ್ದ ಹೆಂಗಸು ಅಂಟಿನ ಬ್ರಷ್ ಎತ್ತಿ ಹಿಡಿದಳು. "ಬೇಜಾರು ಶಾಲೆಗಾ ಮಿಸ್, ನಿಮಗಾ?"

"ಅಕ್ಕಾ, ಅಂಟು ಒಣಗ್ತಿದೆ ನೋಡಿ," ಎಂದರು ಅವರು. ಕಿವಿ ಕೆಂಪಾಗಿತ್ತು.

"ನಾಳೆ ಬನ್ನಿ," ಎಂದೆ, ದನಿ ತಗ್ಗಿಸಿ. "ಒಂದು ಗಂಟೆ ಅವಳ ಪಕ್ಕ ಕೂತ್ಕೊಳ್ಳಿ. ಆದ್ರೆ ಏನೂ ಬರ್ಕೊಡಬಾರದು."

"ಕೈ ಕಟ್ಕೊಂಡು ಕೂರ್ತೀನಿ, ಮಿಸ್."

ಶನಿವಾರ ಬಂದರು. ಪುಟ್ಟ ಕುರ್ಚಿಯಲ್ಲಿ ಮೊಣಕಾಲು ಗಲ್ಲಕ್ಕೆ ತಾಗುವಂತೆ ಕೂತು, ನಿಜವಾಗಿಯೂ ಕೈಕಟ್ಟಿಕೊಂಡರು. ಹತ್ತು ನಿಮಿಷ ಕಳೆಯಿತು.

"ಮಾವ, ನಾಯಿ ಬರ್ಕೊಡು."

"ಮಿಸ್ ಬೈತಾರೆ ಕಣೇ."

"ಒಂದೇ ಒಂದು."

ಅವಳ ಕಣ್ಣು ತುಂಬಿಕೊಂಡಿತು. ಅವರು ನನ್ನನ್ನು ನೋಡಿದರು, ಅವಳನ್ನು ನೋಡಿದರು, ಕ್ರೇಯಾನ್ ತೆಗೆದುಕೊಂಡೇಬಿಟ್ಟರು. ನಾನು ತಡೆಯಲು ಎದ್ದೆ.

ಅಷ್ಟರಲ್ಲಿ ನಾಯಿ ಬಂದಾಗಿತ್ತು. ಲಕ್ಷಗಟ್ಟಲೆ ಚಿತ್ರ ಅಚ್ಚು ಹಾಕಿದ ಆ ಕೈಗೆ ಒಂದು ಚಿತ್ರ ಬರೆಯಲು ಸುತರಾಂ ಬರುತ್ತಿರಲಿಲ್ಲ! ನಾಲ್ಕು ಕೋಲು, ಮೇಲೊಂದು ಹಲಗೆ, ತುದಿಗೊಂದು ಆಲೂಗಡ್ಡೆ.

"ಇದು ನಾಯಿನಾ? ಮೇಜು ಇದು!"

"ನಾಯೀನೇ. ನೋಡು, ಇದು ಮೂತಿ."

"ಅಯ್ಯೋ ಮಾವ, ನಿಂಗೂ ಬರಲ್ವಾ? ಬಾಲ ಎಲ್ಲಿ?"

"ಮರ್ತೇ ಹೋಯ್ತು. ಎಲ್ಲಿರುತ್ತೆ ಅದು?"

"ಕೊಡು ಇಲ್ಲಿ!"

ಕ್ರೇಯಾನ್ ಕಿತ್ತುಕೊಂಡಳು. ಬಾಲ ಎಳೆದಳು, ಹಾಳೆಯ ಅಂಚಿನವರೆಗೂ ಎಳೆದಳು. ಆಮೇಲೆ ಕಿವಿ. ನಾಯಿಗೆ ಚಳಿಯಾಗುತ್ತದೆಂದು ಮೈತುಂಬ ಗೀಚು. ಇನ್ನೊಂದು ಹಾಳೆ ಎಳೆದುಕೊಂಡು ನಾಯಿಯ ಅಮ್ಮ: ಒಂದು ದೊಡ್ಡ ಸೊಟ್ಟ ಸುತ್ತು, ಎರಡು ಚುಕ್ಕೆ.

"ಬಾಲ ಯಾಕೆ ಅಷ್ಟುದ್ದ?" ಮಾವ ಕೇಳಿದರು.

"ಮರಿ ಎಲ್ಲೇ ಹೋದ್ರೂ ಅಮ್ಮಂಗೆ ಕಾಣ್ಬೇಕಲ್ಲ."

ನಾನು ಕಿಟಕಿಯ ಕಡೆ ತಿರುಗಿ ಕಣ್ಣೊರೆಸಿಕೊಂಡೆ. ತನಗೆ ಬಾರದ್ದನ್ನು ಮಗುವಿನ ಮುಂದೆ ಇಷ್ಟು ನಿರಾಳವಾಗಿ ಮಾಡಿದ ದೊಡ್ಡವರನ್ನು ನಾನು ನೋಡಿರಲಿಲ್ಲ. ನಾನಂತೂ ಹಾಗೆ ಮಾಡಿರಲಿಲ್ಲ.

ಮಧ್ಯಾಹ್ನ ಉಳಿದ ಮಕ್ಕಳೆಲ್ಲ ಹೋದರು. ಇವಳು ಮಾತ್ರ ಏಳಲಿಲ್ಲ.

"ಬೈಯಲ್ವಾ, ಮಿಸ್?" ಎಂದರು ಅವರು.

"ಹೇಗೆ ಬೈಲಿ? ಕಲಿಸಿದ್ದು ನೀವು, ಕಲಿತದ್ದು ನಾನು."

"ಆ ನಾಯಿಯಿಂದಾನಾ?" ನಕ್ಕರು. ನಗು ನಿಂತಿತು. ನೋಟ ಈ ಸಲ ಎಲ್ಲಿಗೂ ಓಡಲಿಲ್ಲ. "ಒಂದು ಮಾತು ಹೇಳ್ಬೇಕು. ಇವಳನ್ನ ನೋಡ್ಕೊಳ್ಳೋಕೆ ಯಾರಾದ್ರೂ ಬೇಕು ಅಂತ ಕೇಳ್ತಿದಾನೆ ಅಂದ್ಕೋಬೇಡಿ. ಜಡೆ ಹಾಕ್ತೀನಿ, ಜ್ವರ ಬಂದ್ರೆ ಪಕ್ಕ ಕೂರ್ತೀನಿ. ಅವಳಿಗೆ ನಾನು ಸಾಕು. ನಂಗೆ... ನಂಗೆ ನೀವು ಬೇಕು."

ಆ ಮಾತಿಗೆ ನಾನು ಇಂದಿಗೂ ಋಣಿ. ಎಷ್ಟೋ ವರ್ಷದ ಅಳುಕನ್ನು, ಅದಿತ್ತೆಂದು ತಿಳಿಯದೆಯೇ, ಅವರು ತೆಗೆದುಹಾಕಿದ್ದರು.

"ನಾಳೆ ಭಾನುವಾರ," ಎಂದೆ. "ಸಂಜೆ ಎಲ್ಲಾದ್ರೂ ನಡ್ಕೊಂಡು ಹೋಗ್ಬರೋಣ್ವಾ? ನಾವಿಬ್ಬರೇ."

ಅವರು ಮಗುವಿನ ಕಡೆ ಬಗ್ಗಿದರು. "ಪುಟ್ಟೀ, ನಾಳೆ ಸಂಜೆ ಅಜ್ಜಿ ಹತ್ರ ಇರ್ತೀಯಾ? ನಾನೂ ಮಿಸ್ಸೂ ಸ್ವಲ್ಪ ಹೊತ್ತು..."

"ಹೋಗಿ, ಹೋಗಿ," ಎಂದಳು ಅವಳು, ಮೂರನೆಯ ಹಾಳೆಯ ಮೇಲೆ ಮೊಣಕೈ ಊರಿ, ತಲೆ ಎತ್ತದೆ. "ನಂಗೆ ತುಂಬಾ ಕೆಲಸ ಇದೆ."