ಕ್ರಿಸ್‌ಮಸ್ ತಾತನಿಗೊಂದು ಕಾರು

"ಮಗಳೇ, ನನ್ನ ಕಾರು ಇನ್ನೂ ಬಂದಿಲ್ಲ. ಬಾಗಿಲಲ್ಲೇ ನಿಂತಿದ್ದೀನಿ. ಹಿಮ ಬೀಳ್ತಿದೆ."

ಫೋನಿನಲ್ಲಿ ಲೆಂಪಿ ಅಜ್ಜಿ. ಡಯಾಲಿಸಿಸ್‌ಗೆ ಹೊರಟವಳು. ಮುದುಕರಿಗೆ ಕಾರು ಕಾಯ್ದಿರಿಸುವ ಆ್ಯಪ್ ಕಂಪನಿಯಲ್ಲಿ ಪ್ರೋಗ್ರಾಂ ಬರೆಯುತ್ತ, ಗ್ರಾಹಕರ ಫೋನನ್ನೂ ಎತ್ತುತ್ತಿದ್ದ ವೀವಿ ಪರದೆ ನೋಡಿದಳು. ಲೆಂಪಿಯ ಕಾರು ಇರಲಿಲ್ಲ. ಯಾರ ಕಾರೂ ಇರಲಿಲ್ಲ! ಫಿನ್ಲೆಂಡಿನ ಆ ಸರೋವರದೂರಿನ ಮುದುಕರಿಗೆಂದು ಕಾಯ್ದಿರಿಸಿದ್ದ ಕಾರುಗಳೆಲ್ಲ ಅಳಿಸಿಹೋಗಿದ್ದವು.

ಅಳಿಸಿದವರ ಹೆಸರು ಅಲ್ಲೇ ಇತ್ತು — ವೀವಿ.

"ನಾನಲ್ಲ!"

ಮೇಲಧಿಕಾರಿ ರೈಲಿ ತನಿಖೆಗೆ ಹೇಳಿಕಳಿಸಿದಳು. ವೀವಿಯ ಕೆಲಸ ಇನ್ನೂ ಖಾಯಂ ಆಗಿರಲಿಲ್ಲ.

ಕಂಪನಿಯ ತನಿಖೆಗಾರ್ತಿ ಇರ್ಮೆಲಿ ಬಂದು ಕನ್ನಡಕ ಒರೆಸಿಕೊಂಡಳು.

"ಅಳಿಸಿದ ಹೊತ್ತಿಗೆ ಎಲ್ಲಿದ್ದೆ?"

"ಕಾಫಿಗೆ. ಎಲ್ಲರೂ ಅಲ್ಲೇ ಇದ್ವಿ. ಒಸ್ಮೊ ನನ್ನ ಬನ್ನನ್ನೂ ತಿಂದ."

"ಅರ್ಧ ಕಣೇ," ಎಂದ ಪಕ್ಕದ ಮೇಜಿನ ಒಸ್ಮೊ.

"ಪಾಸ್‌ವರ್ಡ್ ಯಾರಿಗಾದ್ರೂ ಕೊಟ್ಟಿದ್ಯಾ?"

"ಇಲ್ಲ!"

"ಕಳ್ಳ ಗೇಲಿ ಬೇರೆ ಮಾಡಿದ್ದಾನೆ," ಎಂದಳು ರೈಲಿ. "ಅಳಿಸೋಕೆ ಮುಂಚೆ ಕ್ರಿಸ್‌ಮಸ್ ತಾತನ ಹೆಸರಲ್ಲಿ ಒಂದು ಕಾರು ಬುಕ್ ಮಾಡಿದ್ದಾನೆ!"

ಒಸ್ಮೊನ ಮುಖದ ನಗು ನಿಂತಿತು. ಇರ್ಮೆಲಿ ಅದನ್ನು ನೋಡಿದಳು.

"ವೀವಿ, ಬೆಳಿಗ್ಗೆ ಪರೀಕ್ಷೆಗೆ ಅಂತ ಮಾಡಿರೋ ಸುಳ್ಳು ಊರು ಬಿಟ್ಟು ನಿಜವಾದ ಊರಿನ ಖಾತೆಗೆ ಯಾಕೆ ಲಾಗಿನ್ ಆದೆ?"

"ಲೆಂಪಿ ಅಜ್ಜಿ ಕಾರು ಸರಿಯಾಗಿ ಬುಕ್ ಆಗಿದ್ಯಾ ಅಂತ ನೋಡೋಕೆ. ನೋಡಿದೆ, ಅಷ್ಟೇ."

"ಅಲ್ಲೇ ಇರೋದು," ಎಂದಳು ಇರ್ಮೆಲಿ. "ಕಳ್ಳ ಬಂದಿದ್ರೆ ಲಾಗಿನ್ ಆಗ್ಬೇಕಿತ್ತು. ನಿನ್ನ ನಂತರ ಯಾರೂ ಆಗಿಲ್ಲ. ಲಾಗಿನ್ ಆದವರಿಗೆ ಒಂದು ಟೋಕನ್ ಸಿಗತ್ತೆ. ಅದನ್ನ ತೋರಿಸಿದ್ರೆ ಸಾಕು, ಮತ್ತೆ ಯಾರೂ ಹೆಸರು ಕೇಳಲ್ಲ, ಮಾಡಿದ್ದೆಲ್ಲ ಲಾಗಿನ್ ಆದವರ ಹೆಸರಿಗೇ ಬರತ್ತೆ. ಯಾವ ಊರಿನ ಟೋಕನ್ನೋ ಆ ಊರಿನ ಬಾಗಿಲು ತೆರೆಯತ್ತೆ. ಪ್ರೋಗ್ರಾಂ ಸರಿ ಇದ್ಯಾ ಅಂತ ನೀವು ಓಡಿಸೋ ಪರೀಕ್ಷೆಗಳಿಗೆ ಟೋಕನ್ ತಾನಾಗೇ ಸಿಗೋ ಹಾಗೆ ಮಾಡಿದ್ದು ಯಾರು?"

"ನಾನು. ಪದೇ ಪದೇ ಲಾಗಿನ್ ಆಗಿ ಎಲ್ಲರಿಗೂ ಸಾಕಾಗಿತ್ತು."

"ಎಲ್ಲಿ ಇಟ್ಟಿದ್ದೆ?"

ವೀವಿಯ ದನಿ ಇಳಿಯಿತು. "ಎಲ್ಲರ ಕೈಗೂ ಸಿಗೋ ಜಾಗದಲ್ಲಿ. ನಾನು ಕೊನೇಲಿ ಎಲ್ಲಿಗೆ ಲಾಗಿನ್ ಆದ್ನೋ ಆ ಟೋಕನ್ ಅಲ್ಲಿ ಹೋಗಿ ಕೂರತ್ತೆ."

"ಸರಿ. ಕ್ರಿಸ್‌ಮಸ್ ತಾತ ಯಾರವನು?"

"ನನ್ನವನು," ಒಸ್ಮೊ ತಲೆ ತಗ್ಗಿಸಿದ. "ಕಾಫಿ ಹೊತ್ತಿಗೆ ನನ್ನ ಪರೀಕ್ಷೆ ತಾನೇ ಓಡತ್ತೆ. ತಾತನಿಗೆ ಒಂದು ಕಾರು ಬುಕ್ ಮಾಡತ್ತೆ, ಆಮೇಲೆ ಎಲ್ಲಾ ಅಳಿಸಿ ಗುಡಿಸತ್ತೆ. ಆದ್ರೆ ಅದು ನಮ್ಮ ಸುಳ್ಳು ಊರಲ್ಲಿ!"

"ಇವತ್ತು ಅದಕ್ಕೆ ಸಿಕ್ಕಿದ್ದು ನಿಜವಾದ ಊರಿನ ಟೋಕನ್. ನೀವು ಅದನ್ನ ಗೇಲಿ ಅಂದ್ಕೊಂಡ್ರಿ ರೈಲಿ. ಅದು ಇವನ ಅಭ್ಯಾಸ."

"ಹಾಗಾದ್ರೆ ತಪ್ಪಿತಸ್ಥರು?"

"ಅಳಿಸಿದ್ದು ಒಸ್ಮೊನ ಪರೀಕ್ಷೆ. ಬಾಗಿಲು ತೆರೆದಿಟ್ಟವಳು ವೀವಿ."

ರೈಲಿ ವೀವಿಯ ಹೆಸರನ್ನು ಬರೆದುಕೊಂಡು ತನ್ನ ಕೋಣೆಗೆ ಹೋದಳು. ಮತ್ತೆ ಫೋನ್ ಬಡಿದುಕೊಂಡಿತು.

"ಮಗಳೇ, ಆಸ್ಪತ್ರೆಯವರು ನಾಳೆ ಬನ್ನಿ ಅಂದ್ರು. ನನ್ನ ಜಾಗ ಬೇರೆಯವರಿಗೆ ಕೊಟ್ಟಾಯ್ತಂತೆ. ಕಾಲು ಊದ್ಕೊಂಡಿದೆ." ಲೆಂಪಿಯ ದನಿ ಸಣ್ಣದಾಯಿತು. "ಒಂದು ಮಾತು ಕೇಳ್ಲಾ? ನಾನು ಜಾಸ್ತಿ ಮಾತಾಡ್ತೀನಿ ಅಂತ ಡ್ರೈವರು ಬೇಡ ಅಂದ್ನಾ?"

"ಅಯ್ಯೋ, ಇಲ್ಲ ಅಜ್ಜಿ. ನನ್ನಿಂದಾನೇ ಆಯ್ತು."

"ಹೋಗ್ಲಿ ಬಿಡು. ನಾಳೆಯದು ಇದ್ಯಾ, ಒಂದ್ಸಲ ನೋಡಿ ಹೇಳ್ತೀಯಾ?"

ವೀವಿ ಪರದೆಯತ್ತ ತಿರುಗಿದಳು. ಬೆಳಗಿನಿಂದ ಏನೂ ಕೇಳದೆ ಒಳಗೆ ಬಿಡುತ್ತಿದ್ದ ಅದು ಈಗ ಪಾಸ್‌ವರ್ಡ್ ಕೇಳಿತು. ಕೊಟ್ಟಳು. ಒಪ್ಪಲಿಲ್ಲ. ಇನ್ನೊಮ್ಮೆ ಕೊಟ್ಟಳು. ಈ ಖಾತೆ ರದ್ದಾಗಿದೆ ಎಂದಿತು ಪರದೆ.

"ಮಗಳೇ, ಇದ್ದೀಯಾ?"