ಕೇತಲೆಯ ನಡುವಂಗಿ

ಬಹಳ ಬಹಳ ಹಿಂದೆ, ಬೇಸಿಗೆ ಕೂಡ ಶಾಲು ಹೊದ್ದುಕೊಂಡೇ ಬರುತ್ತಿದ್ದ ಹಿಮಗೊಂದಿ ಎಂಬ ರಾಜ್ಯವಿತ್ತು. ಅಲ್ಲಿಯ ಅರಮನೆಗೆ ಇಬ್ಬರು ಸೊಸೆಯಂದಿರು. ಹಿರಿಯವಳು ಕೇತಲೆ, ಕಿರಿಯವಳು ಸಿರಿಯಬ್ಬೆ. ಕೇತಲೆಗೆ ಆನೆಯಿತ್ತು, ಅಂಬಾರಿಯಿತ್ತು, ಮುಂಗೋಪಿಯಾದರೂ ಒಳ್ಳೆಯವನಾದ ಗಂಡನಿದ್ದ. ಇಲ್ಲದ್ದು ನೆಮ್ಮದಿಯೊಂದೇ. ಯಾಕೆಂದರೆ ಸಿರಿಯಬ್ಬೆ ಇದ್ದಳು.

ಸಿರಿಯಬ್ಬೆ ಹಾಡಿದರೆ ಮಾವ ತಲೆದೂಗುತ್ತಿದ್ದರು. ಸಿರಿಯಬ್ಬೆ ನಡೆದರೆ ನವಿಲು ಪಕ್ಕಕ್ಕೆ ಸರಿಯುತ್ತಿತ್ತು. ಸಿರಿಯಬ್ಬೆ ಸೀನಿದರೂ ದಾಸಿಯರು, “ನಮ್ಮ ಚಿಕ್ಕಮ್ಮಣ್ಣಿ ಎಷ್ಟು ಮೆಲ್ಲಗೆ ಸೀನುತ್ತಾರಪ್ಪ!” ಎನ್ನುತ್ತಿದ್ದರು. ಆಗೆಲ್ಲ ಕೇತಲೆಯ ಹೊಟ್ಟೆಯೊಳಗೆ ಯಾರೋ ಹಸಿಮೆಣಸಿನಕಾಯಿ ಅರೆದಂತಾಗುತ್ತಿತ್ತು.

ಆ ರಾಜ್ಯದ ನೆತ್ತಿಯ ಮೇಲೊಂದು ಬಿಳಿಯ ಬೆಟ್ಟ. ಬೆಟ್ಟದ ತುದಿಯಲ್ಲಿ ಮರಗಟ್ಟನೆಂಬ ಮಾಂತ್ರಿಕ. ಅವನು ಉಸಿರು ಬಿಟ್ಟರೆ ಹಾರುವ ಹಕ್ಕಿ ಕಲ್ಲಿನಂತೆ ಬೀಳುತ್ತಿತ್ತು. ಅವನನ್ನು ಕೊಲ್ಲಲು ಹೋದ ರಾಜಕುಮಾರರಿಬ್ಬರನ್ನೂ, ಕೇತಲೆಯ ಗಂಡ ಎರೆಯನನ್ನೂ ಸಿರಿಯಬ್ಬೆಯ ಗಂಡ ರಾಚನನ್ನೂ, ಅವನು ಮಂಜಿನ ಗೊಂಬೆ ಮಾಡಿ ಅಂಗಳದಲ್ಲಿ ನಿಲ್ಲಿಸಿಕೊಂಡ. ತನ್ನ ಪ್ರಾಣವನ್ನೂ ಆ ಗೊಂಬೆಗಳೊಳಗೇ ಬಚ್ಚಿಟ್ಟ. ಹೆಂಡತಿ ಬಂದು ಬರಿಗೈಯಿಂದ ಗಂಡನ ಕೈ ಹಿಡಿದು ಬಿಸಿ ತಾಕಿಸಿದರೆ ಗೊಂಬೆ ಮನುಷ್ಯನಾಗುತ್ತದೆ. ಆದರೆ ಆ ಬೆಟ್ಟ ಹತ್ತಿದ ಮೇಲೆ ಕೈಯಲ್ಲಿ ಬಿಸಿ ಉಳಿಯಬೇಕಲ್ಲ!

“ನಾನು ಹೋಗುತ್ತೇನೆ,” ಎಂದಳು ಸಿರಿಯಬ್ಬೆ.

“ನಾನು ಬಾಯಿ ತೆಗೆಯುವಷ್ಟರಲ್ಲಿ ಅಂದುಬಿಟ್ಟಳು, ನೋಡಿ!” ಎಂದಳು ಕೇತಲೆ. ಇಬ್ಬರೂ ಹೊರಟು ನಿಂತರು.

ಬೆಟ್ಟ ಹತ್ತುವ ಹೆಣ್ಣಿಗೆ ಹಿಮಗೊಂದಿಯಲ್ಲಿ ಮೂರು ಅಂಗಿ. ಮೈಗೆ ತಾಕುವ ಒಳಂಗಿ ತವರು ಕೊಟ್ಟದ್ದು. ಗಾಳಿ ತಡೆಯುವ ಹೊರಂಗಿ ಗಂಡನ ಮನೆ ಕೊಟ್ಟದ್ದು. ನಡುವಂಗಿ ಮಾತ್ರ ಅವಳೇ ಆರಿಸಿಕೊಳ್ಳಬೇಕು. ತೊಟ್ಟುಕೊಂಡು ಬೆವರುವವರೆಗೆ ಅಂಗಳದಲ್ಲಿ ಓಡಬೇಕು, ಆಮೇಲೆ ತಣ್ಣನೆಯ ಕಲ್ಲಿನ ಮೇಲೆ ಸುಮ್ಮನೆ ಕೂರಬೇಕು. ಮೈ ಒಪ್ಪಿದರೆ ಅಂಗಿ ಅವಳದು.

ಅತ್ತೆ ಪದ್ಮಲದೇವಿ ಉಗ್ರಾಣದ ಬಾಗಿಲು ತೆರೆದರು. ಸಿರಿಯಬ್ಬೆಯ ಕೈ ನೇರವಾಗಿ ಜರಿಯಂಚಿನ ಕೆಂಪಂಗಿಯ ಮೇಲೆ ಹೋಯಿತು. ಒಳಗೆ ದಪ್ಪಗೆ ಹತ್ತಿ ತುಂಬಿ ಹೊಲಿದ ಅಂಗಿ. ಗಾದಿಗೆ ತೋಳು ಬಂದ ಹಾಗಿತ್ತು.

“ಅದು ನನಗೆ,” ಎಂದು ಕೇತಲೆ ಕಿತ್ತುಕೊಂಡಳು.

“ಆಗಲಿ ಅಕ್ಕ,” ಎಂದ ಸಿರಿಯಬ್ಬೆ ಬೂದು ಬಣ್ಣದ ತೆಳ್ಳನೆಯ ಅಂಗಿಯೊಂದನ್ನು ಎತ್ತಿಕೊಂಡಳು. ದೂರದೇಶದ ಮೆರಿನೊ ಕುರಿಯ ಉಣ್ಣೆಯದು. ಮೈಗೆ ಸರಿಯಾಗಿ ಕೂರುತ್ತಿತ್ತು, ಬಿಗಿಯೂ ಅಲ್ಲ, ಜೋಲೂ ಅಲ್ಲ. ಕೊರಳಿಂದ ಎದೆಯವರೆಗೆ ಗುಂಡಿಗಳಿದ್ದವು. ಅವಳು ಓಡಿದಳು, ಬೆವರಿದಳು, ಕಲ್ಲಿನ ಮೇಲೆ ಕೂತಳು, ನಕ್ಕಳು.

“ನೀನೂ ಓಡು, ಕೇತಲೆ,” ಎಂದರು ಅತ್ತೆ.

“ನೋಡಿದರೆ ಗೊತ್ತಾಗಲ್ವಾ ಅತ್ತೆ? ಇದರ ಒಂದು ತೋಳಿನಷ್ಟಿಲ್ಲ ಅವಳ ಇಡೀ ಅಂಗಿ!”

“ತೂಕ ನೋಡಿ ಕೊಳ್ಳೋದಕ್ಕೆ ಅದೇನು ಕುಂಬಳಕಾಯಿಯೇನೆ?”

ಅತ್ತೆ ಸೊಸೆಗೆ ಅಲ್ಲೇ ಒಂದು ಸುತ್ತು ಜಗಳವಾಯಿತು. ಕೇತಲೆ ಓಡಲೇ ಇಲ್ಲ.

ಬೆಟ್ಟದ ದಾರಿಯಲ್ಲಿ ಮೊದಲು ಜಾರುವ ಮೆಟ್ಟಿಲು ಬಂತು. ನಿಂತರೆ ಸಾಕು, ಮೆಟ್ಟಿಲು ಜಾರಿ ಬುಡಕ್ಕೆ ತಂದು ಬಿಡುತ್ತಿತ್ತು. ಅದಕ್ಕೇ ನಿಲ್ಲದೆ ಹತ್ತಬೇಕು. ಅರ್ಧ ದಾರಿಯಲ್ಲೇ ಕೇತಲೆಯ ಬೆನ್ನಿನಲ್ಲಿ ಬೆವರು ಹೊಳೆಯಾಗಿ ಹರಿಯಿತು. ಹತ್ತಿ ಅಷ್ಟನ್ನೂ ಕುಡಿದು ಕಲ್ಲಿನಷ್ಟು ಭಾರವಾಯಿತು. ಮುಂದೆ ಸಿರಿಯಬ್ಬೆ ಹತ್ತುತ್ತಲೇ ಕೊರಳಿನ ಗುಂಡಿ ಬಿಚ್ಚಿ ಗಾಳಿ ಬಿಟ್ಟುಕೊಂಡಳು, ತಂಪಾದೊಡನೆ ಹಾಕಿಕೊಂಡಳು. ‘ಗುಂಡಿ ಹಾಕಿಕೊಳ್ಳುವುದರಲ್ಲೂ ಏನು ಒಯ್ಯಾರ!’ ಎಂದು ಕೇತಲೆ ಹಲ್ಲು ಕಡಿದಳು. ತನ್ನ ಅಂಗಿಗೆ ಗುಂಡಿ ಇಲ್ಲ ಎನ್ನುವುದು ಅವಳ ಗಮನಕ್ಕೆ ಬಂದದ್ದೇ ಆಗ.

ಎರಡನೆಯದು ಕಣ್ಣಿಲ್ಲದ ತೋಳ. ಬಂಡೆಯಷ್ಟು ದೊಡ್ಡದು. ಮನುಷ್ಯರ ಬೆವರಿನ ವಾಸನೆ ಹಿಡಿದೇ ಅದು ಬೇಟೆಯಾಡುತ್ತಿತ್ತು. ಸಿರಿಯಬ್ಬೆಯ ಪಕ್ಕದಲ್ಲೇ ಹಾದುಹೋಯಿತು. ಆ ಉಣ್ಣೆ ಬೆವರಿದರೂ ನಾತ ಹೊರಬಿಡುತ್ತಿರಲಿಲ್ಲ. ಕೇತಲೆಯ ಕಡೆ ತಿರುಗಿ ಮಾತ್ರ ಬಾಯಿ ಚಪ್ಪರಿಸಿತು. ಸಿರಿಯಬ್ಬೆ ಓಡಿಬಂದು ಅವಳನ್ನು ತನ್ನ ಹೊರಂಗಿಯೊಳಗೆ ಎಳೆದುಕೊಂಡು ತಬ್ಬಿ ನಿಂತಳು. ತೋಳ ಮೂಸಿತು, ಮತ್ತೆ ಮೂಸಿತು. ಸಿಕ್ಕಿದ್ದು ಬರೀ ಕುರಿಯ ವಾಸನೆ. ಬೇಸರಗೊಂಡು ಹೋಯಿತು.

ಜೀವ ಉಳಿಯಿತು. ಆದರೆ ಕೇತಲೆಗೆ ಅಳುವೇ ಬಂತು. ‘ಇನ್ನು ಸಾಯುವವರೆಗೂ ಇವಳ ಉಪಕಾರ! ಊರಿಗೆ ಹೋದ ಮೇಲೆ ಇದನ್ನು ಬೇರೆ ಹಾಡು ಕಟ್ಟಿ ಹಾಡುತ್ತಾರೆ!’

ಮೂರನೆಯದು ಮರಗಟ್ಟನ ಅಂಗಳ. ಗಂಡನ ಕೈ ಹಿಡಿದು ಅಲುಗಾಡದೆ ನಿಲ್ಲಬೇಕು, ಅಷ್ಟೇ. ಮರಗಟ್ಟ ಮಂಚದ ಮೇಲೆ ಕೂತು ಕೆನ್ನೆ ಉಬ್ಬಿಸಿ ಊದಿದ. ನಿಂತೊಡನೆ ಕೇತಲೆಯ ಬೆವರೆಲ್ಲ ಹಿಮವಾಯಿತು. ಕೆಂಪಂಗಿ ಬೆನ್ನಿಗೆ ಮಂಜಿನ ಹಲಗೆಯಂತೆ ಅಂಟಿತು. ಬೆರಳು ನೀಲಿಯಾದವು. ಅವಳ ಕೈಯಿಂದ ಎರೆಯ ಇನ್ನಷ್ಟು ತಣ್ಣಗಾದನೇ ಹೊರತು ಬಿಸಿಯಾಗಲಿಲ್ಲ.

ಪಕ್ಕದಲ್ಲಿ ಸಿರಿಯಬ್ಬೆಯ ಕೈಯೊಳಗೆ ರಾಚನ ಬೆರಳು ಕೆಂಪಾಯಿತು. ಕೆನ್ನೆ ಕೆಂಪಾಯಿತು. ಅವನು ಕಣ್ಣು ಬಿಟ್ಟು, “ಬಂದೆಯಾ?” ಎಂದ.

ಮರಗಟ್ಟನ ಅರ್ಧ ಮೈ ಕರಗಿ ನೀರಾಯಿತು. ಉಳಿದರ್ಧ ಕೇತಲೆಯ ಕಿವಿಯ ಹತ್ತಿರ ತೆವಳಿ ಬಂತು.

“ನೋಡಿದೆಯಾ ಕೇತಲೆ? ಇಲ್ಲೂ ಅವಳೇ ಮೊದಲು. ಹೂಂ ಅನ್ನು, ಅವಳ ಗಂಡನನ್ನು ಮತ್ತೆ ಗೊಂಬೆ ಮಾಡುತ್ತೇನೆ. ನಿನ್ನ ಗಂಡನನ್ನು ನೀನು ಕರೆದುಕೊಂಡು ಹೋಗು.”

ಕೇತಲೆಯ ನಾಲಿಗೆಯ ತುದಿಗೆ ‘ಹೂಂ’ ಬಂದೇಬಿಟ್ಟಿತ್ತು. ಅಷ್ಟರಲ್ಲಿ ಅವಳಿಗೆ ಮುಂದಿನದೆಲ್ಲ ಕಣ್ಣಿಗೆ ಕಟ್ಟಿತು. ಸಿರಿಯಬ್ಬೆ ಒಂಟಿಯಾಗಿ ಊರಿಗೆ ಬರುತ್ತಾಳೆ. ಮಾವ ಅವಳ ತಲೆ ಸವರುತ್ತಾರೆ. ದಾಸಿಯರು, “ಎಷ್ಟು ಮೆಲ್ಲಗೆ ಅಳುತ್ತಾರಪ್ಪ!” ಎನ್ನುತ್ತಾರೆ. ಇಡೀ ರಾಜ್ಯ ಅವಳನ್ನೇ ಸಂತೈಸುತ್ತದೆ, ವರ್ಷಗಟ್ಟಲೆ!

“ಖಂಡಿತ ಬೇಡ,” ಎಂದಳು ಕೇತಲೆ. ಆಮೇಲೆ, ಹುಟ್ಟಿದಾಗಿನಿಂದ ಯಾರನ್ನೂ ಏನನ್ನೂ ಕೇಳದವಳು, ನಡುಗುವ ಹಲ್ಲುಗಳ ನಡುವೆ ಕೇಳಿದಳು: “ಸಿರಿಯಬ್ಬೆ, ನಿನ್ನ ನಡುವಂಗಿ ಕೊಡೇ. ನನ್ನದು ಕೆಟ್ಟದ್ದು.”

ಸಿರಿಯಬ್ಬೆ ಗುಂಡಿ ಬಿಚ್ಚತೊಡಗಿದಳು. ಅವಳ ಕಣ್ಣಲ್ಲಿ ನೀರು.

“ಆ ಕೆಂಪಂಗಿ ನನಗೆ ಬೇಕಿರಲಿಲ್ಲ ಅಕ್ಕ. ನಾನು ಕೈ ಹಾಕಿದರೆ ನೀವು ಕಿತ್ತುಕೊಳ್ಳುತ್ತೀರಿ ಅಂತ ಗೊತ್ತಿತ್ತು. ಬೇಕಂತಲೇ ಕೈ ಹಾಕಿದೆ. ಅತ್ತೆ ಓಡು ಅಂದಾಗ ನೀವು ಓಡಿ ನೋಡಿ ಬದಲಾಯಿಸಿಕೊಳ್ಳುತ್ತೀರಿ ಅಂದುಕೊಂಡಿದ್ದೆ. ನೀವು ಓಡಲಿಲ್ಲ. ನಾನೂ ಬಾಯಿ ಬಿಡಲಿಲ್ಲ.”

“ಯಾಕೇ?”

“ಅತ್ತೆ ನಿಮ್ಮ ಹತ್ತಿರ ದಿನಾ ಜಗಳ ಆಡ್ತಾರೆ. ನೀವು ಬಾಗಿಲು ಬಡಿದು ಹೋಗ್ತೀರಿ. ಸಂಜೆ ಇಬ್ಬರೂ ಒಂದೇ ತಟ್ಟೆಯಲ್ಲಿ ಮಂಡಕ್ಕಿ ತಿಂತಾ ಕೂತಿರ್ತೀರಿ. ನನ್ನನ್ನು ಮಾತ್ರ ನೆಂಟರ ಮಗುವಿನ ಥರ ಹೊಗಳಿ ಹೊಗಳಿ ದೂರ ಇಡ್ತಾರೆ. ಮದುವೆಯಾಗಿ ಬಂದಾಗಿಂದ ಒಬ್ಬರಾದರೂ ನನ್ನನ್ನು ಬೈದಿಲ್ಲ.”

ಕೇತಲೆಗೆ ಸಿಟ್ಟು ಬರಬೇಕಿತ್ತು. ಬದಲಿಗೆ ಹೊಟ್ಟೆಯೊಳಗೆ ಮೆಣಸಿನಕಾಯಿ ಅರೆಯುತ್ತಿದ್ದವರು ಥಟ್ಟನೆ ಕೈ ನಿಲ್ಲಿಸಿದಂತಾಯಿತು.

“ನಿನಗೆ? ನನ್ನ ಮೇಲೆ ಹೊಟ್ಟೆಕಿಚ್ಚಾ?”

“ಹೂಂ ಅಕ್ಕ.”

“ಸ್ವಲ್ಪವಾ, ತುಂಬಾನಾ?”

“ತುಂಬಾ.”

ಕೇತಲೆ ಆ ಮಾತನ್ನು ಬೆಲ್ಲದ ಉಂಡೆಯಂತೆ ಬಾಯಲ್ಲಿಟ್ಟು ಸವಿದಳು. ಆಮೇಲೆ ಬೆಟ್ಟವೇ ನಡುಗುವಂತೆ ಕೂಗಿದಳು: “ಕತ್ತೆ! ಮಳ್ಳಿ! ನನ್ನ ಜೀವ ಹೋಗುತ್ತಿತ್ತಲ್ಲೇ, ಬುದ್ಧಿ ಇಲ್ವಾ ನಿನಗೆ?”

ಸಿರಿಯಬ್ಬೆಯ ಮುಖ ಅರಳಿತು. “ಇನ್ನೊಮ್ಮೆ ಬೈಯಿರಿ ಅಕ್ಕ,” ಎಂದಳು.

ಬೈಯುತ್ತಲೇ ಕೇತಲೆ ಒದ್ದೆಯಂಗಿಗಳನ್ನು ಕಿತ್ತೆಸೆದು ಬೂದಂಗಿ ತೊಟ್ಟಳು, ಮೇಲೆ ಹೊರಂಗಿ ಹಾಕಿಕೊಂಡಳು. ರಾಚ ತನ್ನ ಹೊರಂಗಿಯೊಳಗೆ ಹೆಂಡತಿಯನ್ನೂ ಸೇರಿಸಿಕೊಂಡ. ಬೂದಂಗಿಯಲ್ಲಿ ಸಿರಿಯಬ್ಬೆಯ ಮೈಬಿಸಿ ಇನ್ನೂ ಇತ್ತು. ಅದು ಕೇತಲೆಯ ಬೆನ್ನಿಗೆ ಹತ್ತಿತು, ತೋಳಿಗಿಳಿಯಿತು, ಬೆರಳಿಗೆ ಬಂತು. ಮರಗಟ್ಟ ಉಳಿದ ಅರ್ಧ ಬಾಯಿಂದ ಊದಿಯೇ ಊದಿದ. ಕೇತಲೆ ಕದಲಲಿಲ್ಲ. ಅವಳ ಕೈಯೊಳಗೆ ಎರೆಯನ ಬೆರಳು ಕೆಂಪಾಯಿತು. ಕೆನ್ನೆ ಕೆಂಪಾಯಿತು. ಮರಗಟ್ಟ ಪೂರ್ತಿ ಕರಗಿ, ಮಂಚದ ಕಾಲಿನಿಂದ ತೊಟ್ಟಿಕ್ಕಿ, ಕಲ್ಲಿನ ಸಂದಿಯಲ್ಲಿ ಇಂಗಿಹೋದ.

ಎರೆಯ ಕಣ್ಣು ಬಿಟ್ಟ. ಹೆಂಡತಿಯನ್ನು ನೋಡಿ ನಕ್ಕ. ಪಕ್ಕದಲ್ಲಿ ನಿಂತ ತಮ್ಮನನ್ನು ನೋಡಿದ್ದೇ ಅವನ ಹುಬ್ಬು ಗಂಟಾಯಿತು.

“ಇವನು ನನಗಿಂತ ಮೊದಲೇ ಎದ್ದನೇನು?”

“ಸ್ವಲ್ಪ ಮೊದಲು,” ಎಂದಳು ಕೇತಲೆ. “ಸುಮ್ಮನೆ ನಡೆಯಿರಿ, ದಾರಿಯಲ್ಲಿ ಹೇಳುತ್ತೇನೆ.”

ನಾಲ್ವರೂ ಊರು ಸೇರಿದರು. ಆ ವರ್ಷ ಹಿಮಗೊಂದಿಗೆ ಬೇಸಿಗೆ ಮೊದಲ ಬಾರಿ ಶಾಲಿಲ್ಲದೆ ಬಂತು. ಪದ್ಮಲದೇವಿ ಕಿರಿಸೊಸೆಯನ್ನೂ ಬೈಯಲು ಕಲಿತರು. ರಾಜ ಸುಖವಾಗಿದ್ದ, ಪ್ರಜೆಗಳು ಸುಖವಾಗಿದ್ದರು, ಸಿರಿಯಬ್ಬೆ ಸುಖವಾಗಿದ್ದಳು. ಕೇತಲೆ ಅವಳಿಗಿಂತ ಒಂದು ಗುಲಗಂಜಿ ತೂಕ ಹೆಚ್ಚೇ ಸುಖವಾಗಿದ್ದಳಂತೆ. ಹಾಗೆಂದು ಹೇಳಿದವಳೂ ಅವಳೇ.